ಬೇರೆ ಮಾಡುವ ಮಾತುಗಳು

ಮಾರ್ಚ್ 3, ಸೋಮವಾರ

ಎಂಟೂವರೆಗೇ ಆಸ್ಪತ್ರೆ. ಮೊದಲು ಒಬ್ಬ ಅಜ್ಜನ ಮೊಣಕಾಲು, ಆಮೇಲೆ ಒಬ್ಬ ಬಸುರಿಯ ಶುಗರ್. ಡಾಕ್ಟರ ಇಂಗ್ಲಿಷನ್ನು ಕನ್ನಡ ಮಾಡುವುದು, ರೋಗಿಗಳ ಕನ್ನಡವನ್ನು ಇಂಗ್ಲಿಷ್ ಮಾಡುವುದು. ಹದಿನೆಂಟು ವರ್ಷದಿಂದ ಇದೇ. ಬಾಯಿ ನನ್ನದು, ಮಾತು ಬೇರೆಯವರದು.

ಮಧ್ಯಾಹ್ನ ಮಕ್ಕಳ ವಾರ್ಡಿನಿಂದ ಕರೆ. ಹೋದೆ. ಹಾಸಿಗೆಯ ಮೇಲೆ ಏಳು ತಿಂಗಳ ಎರಡು ಹೆಣ್ಣುಕೂಸು. ಎದೆಯ ಕೆಳಗಿನಿಂದ ಹೊಕ್ಕುಳಿನವರೆಗೆ ಒಂದಕ್ಕೊಂದು ಕೂಡಿಕೊಂಡೇ ಹುಟ್ಟಿದವು. ಮುಖಕ್ಕೆ ಮುಖ. ಒಂದು ಗಂಟಲು ಹರಿಯುವಂತೆ ಅಳುತ್ತಿತ್ತು, ಇನ್ನೊಂದು ಆ ಗಲಾಟೆಯಲ್ಲೇ ಗಾಢ ನಿದ್ದೆ. ತಾಯಿ ಒಬ್ಬಳನ್ನು ಅಳುಮುಂಜಿ ಅನ್ನುತ್ತಾಳೆ, ಇನ್ನೊಬ್ಬಳನ್ನು ಸೋಮಾರಿ. ಅಳುಮುಂಜಿಯ ಕೈ ಸೋಮಾರಿಯ ಕಿವಿ ಹಿಡಿದಿತ್ತು, ಅದೂ ತನ್ನದೇ ಎಂಬಂತೆ.

ನಿಂತೇ ಇದ್ದೆನಂತೆ. ನರ್ಸಮ್ಮ ಕುರ್ಚಿ ಎಳೆದು ಕೂರಿಸಿದರು.

ಮಾರ್ಚ್ 4, ಮಂಗಳವಾರ

ಹೊರದೇಶದಿಂದ ಸರ್ಜನ್ ಬಂದಿದ್ದಾರೆ. ಬೆಳ್ಳಗಿನ ತಲೆ, ಮೆತ್ತಗಿನ ದನಿ. ಹೃದಯ ಎರಡಿವೆ, ಕರುಳೂ ಬೇರೆ ಬೇರೆ. ಲಿವರ್ ಮಾತ್ರ ಒಂದಕ್ಕೊಂದು ಬೆಸೆದಿದೆ. ಜೂನಿಯರ್ ಡಾಕ್ಟರು ಬಾಯ್ತಪ್ಪಿ ಸ್ಪ್ಲಿಟ್ ಅಂದರು. ಸರ್ಜನ್ ಕನ್ನಡಕದ ಮೇಲಿಂದ ನೋಡಿ ತಿದ್ದಿದರು: ಮಕ್ಕಳನ್ನು ಸೆಪರೇಟ್ ಮಾಡುತ್ತೇವೆ, ಲಿವರನ್ನು ಡಿವೈಡ್ ಮಾಡುತ್ತೇವೆ. ಈ ಕೋಣೆಯಲ್ಲಿ ಬೇರೆ ಪದ ಬೇಡ.

ಡಿವೈಡ್... ಏನೆನ್ನಲಿ? ಕೊಯ್ಯುತ್ತಾರೆ ಅನ್ನಲು ನಾಲಗೆ ಏಳಲಿಲ್ಲ. ಹಂಚುತ್ತಾರೆ ಅಂದೆ. ಇಬ್ಬರಿಗೂ ಪಾಲು ಸಿಗುತ್ತದೆ ಅಂದೆ. ತಾಯಿ ಹಾಗಾದರೆ ಸರಿ ಎಂದು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಬಿಟ್ಟಳು. ತಂದೆ ನಾಳೆ ಹಾಕುತ್ತೇನೆ ಅಂದ.

ಮಾರ್ಚ್ 5

ಹಂಚುವುದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಸಂಜೆ ನಿಘಂಟು ತೆಗೆದು ಕೂತೆ. ಇಂಗ್ಲಿಷಿನವರು ಬೇರಾಗುವುದಕ್ಕೆ ಎಷ್ಟೊಂದು ಪದ ಮಾಡಿಟ್ಟಿದ್ದಾರೆ! ಕ್ರ್ಯಾಕ್ ಅಂದರೆ ಬಿರುಕು ಬಂದರೂ ವಸ್ತು ಇನ್ನೂ ಒಂದೇ. ಬರ್ಸ್ಟ್ ಆಗುವುದು ಒಳಗಿನ ಒತ್ತಡಕ್ಕೆ, ಪೈಪು, ಬಲೂನು. ಟೇರ್ ಬಟ್ಟೆಗೆ, ಕಾಗದಕ್ಕೆ, ಅಂಚು ಜೂಲುಜೂಲು. ಶ್ಯಾಟರ್ ಗಾಜಿಗೆ, ಮತ್ತೆ ಜೋಡಿಸುವ ಮಾತೇ ಇಲ್ಲ. ಸ್ಪ್ಲಿಟ್ ಸೌದೆಗೆ, ಉದ್ದಕ್ಕೆ. ಗಂಡಹೆಂಡಿರಿಗೂ ಅದೇ. ಕ್ಲೀವ್ ಅನ್ನುವುದೊಂದಿದೆ — ಸೀಳು ಎಂದೂ ಅರ್ಥ, ಬಿಡದೆ ಅಂಟಿಕೋ ಎಂದೂ ಅರ್ಥ.

ನಾವೇನು ಕಡಿಮೆ? ಗೋಡೆಯೂ ಬಿರಿಯುತ್ತದೆ, ಮೊಗ್ಗೂ ಬಿರಿಯುತ್ತದೆ.

ನಾಳೆ ಸರ್ಜನ್‌ಗೆ ಹೇಳಿಬಿಡಬೇಕು, ನಾನು ಹಂಚುತ್ತಾರೆ ಅಂದದ್ದನ್ನು.

ಮಾರ್ಚ್ 6, ಗುರುವಾರ

ಹೇಳಿದೆ. ಸರ್ಜನ್ ಬೈಯಲಿಲ್ಲ. ಮತ್ತೆ ಮೊದಲಿಂದ ಹೇಳೋಣ ಎಂದು ಹಳೆಯ ಕಾಗದ ಹರಿದರು. (ಟೇರ್.)

ದಂಪತಿಯನ್ನು ಕೂರಿಸಿಕೊಂಡು ಹೇಳಿದೆ. ಕೊಯ್ಯುತ್ತಾರೆ. ರಕ್ತ ಹೋಗುತ್ತದೆ. ಒಬ್ಬಳು ಉಳಿಯದಿರಬಹುದು. ಇಬ್ಬರೂ ಉಳಿಯದಿರಬಹುದು. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

ತಾಯಿ ಪೂರ್ತಿ ಕೇಳಿದಳು. ಆಮೇಲೆ, "ಅವತ್ತೇ ಗೊತ್ತಾಯ್ತು ಅಕ್ಕ. ಹಂಚ್ತಾರೆ ಅಂದಾಗ ನೀವು ನನ್ನ ಮುಖ ನೋಡ್ಲಿಲ್ಲ."

ಹಾಗಿದ್ದರೂ ಯಾಕೆ ಸಹಿ ಹಾಕಿದೆ ಎಂದು ಕೇಳಿದೆ. ಅದು ನಾನು ಕೇಳಬೇಕಾದ ಪ್ರಶ್ನೆಯಲ್ಲ.

"ಹುಟ್ಟಿದಾಗಿಂದ ಇವಳು ಅವಳ ಮುಖ, ಅವಳು ಇವಳ ಮುಖ. ಬೇರೇನೂ ನೋಡಿಲ್ಲ ಅಕ್ಕ."

ತಂದೆ ಬಡಗಿ. ನಾಳೆ ಹಾಕುತ್ತೇನೆ ಅಂದದ್ದು ಬಿಟ್ಟರೆ ಮೂರು ದಿನದಿಂದ ಬಾಯಿ ಬಿಡದವನು ಈಗ ಬಿಟ್ಟ. "ಮರ ಆದ್ರೆ ನಾರು ನೋಡ್ಕೊಂಡು ಸೀಳ್ತೀವಿ. ನಾರು ಸಿಕ್ರೆ ಅದೇ ದಾರಿ ಬಿಡುತ್ತೆ. ಆ ಲಿವರ್‌ಗೂ ಹಂಗೇನಾದ್ರೂ ಇರುತ್ತಾ, ಕೇಳಿ."

ಕೇಳಿದೆ. ಸರ್ಜನ್ ಕಾಗದದ ಮೇಲೆ ಚಿತ್ರ ಬರೆದರು, ನಡುವೆ ಒಂದು ತೆಳು ಗೆರೆ. ಇಲ್ಲಿ ರಕ್ತನಾಳ ಕಡಿಮೆ, ಇದೇ ದಾರಿ. ಆದರೆ ಮರದ ಹಾಗೆ ಒಂದೇ ಏಟಿಗಲ್ಲ, ಕೂದಲೆಳೆ ಕೂದಲೆಳೆಯಾಗಿ ಹುಡುಕಿಕೊಂಡು ಹೋಗಬೇಕು. ಇಲ್ಲೇ ಸ್ಪ್ಲಿಟ್ ಮಾಡುತ್ತೇವೆ ಅಂದರು — ಅವರೇ ಅಂದರು, ಆ ಪದವನ್ನು.

ಬಡಗಿ ಹೆಬ್ಬೆರಳ ಉಗುರನ್ನು ಆ ಗೆರೆಯ ಮೇಲೆ ನಿಧಾನ ಎಳೆದ. ಹೊಸ ಕಾಗದಕ್ಕೆ ಸಹಿ ಹಾಕಿದ. ಹೆಂಡತಿಯೂ ಹಾಕಿದಳು.

ಮಾರ್ಚ್ 12, ಬುಧವಾರ

ಬೆಳಗ್ಗೆ 7.10 — ಒಳಗೆ ಕರೆದೊಯ್ದರು. ಒಂದೇ ಟ್ರಾಲಿ. ಸೋಮಾರಿ ಎಂದಿನಂತೆ ನಿದ್ದೆ.

10.30 — ಲಿವರ್ ಶುರು. ಒಳಗಿನಿಂದ ಬಂದ ಸುದ್ದಿಯನ್ನು ಕನ್ನಡ ಬಾರದ ನರ್ಸಮ್ಮ ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾನು ಕನ್ನಡ ಮಾಡುತ್ತೇನೆ. ತಾಯಿ ನನ್ನ ಬಾಯನ್ನೇ ನೋಡುತ್ತಾಳೆ.

12.50 — ಸೆಪರೇಟೆಡ್. ಒಂದೇ ಪದ. ಬಾಗಿಲಲ್ಲಿ ನಿಂತು ನರ್ಸಮ್ಮ ಅಂದರು. ನಾನು "ಈಗ ಇಬ್ಬರು" ಅಂದೆ. ಸರಿಯಾದ ಅನುವಾದ ಅಲ್ಲ. ಬೇರೆ ಬರಲಿಲ್ಲ.

1.15 — ಸೋಮಾರಿಯ ಬಿಪಿ ಇಳಿಯುತ್ತಿದೆಯಂತೆ. ಹೇಳಿದೆ. ಇದ್ದದ್ದು ಇದ್ದ ಹಾಗೆ, ಮುಖ ನೋಡಿ.

1.40 — ಸುದ್ದಿಯಿಲ್ಲ.

2.00 — ಇಲ್ಲ. ಬಡಗಿ ಬೆಂಚಿನ ಅಂಚನ್ನು ಸವರುತ್ತಲೇ ಇದ್ದಾನೆ.

2.25 — ಸುಧಾರಿಸಿದಳು. ಬಡಗಿ ಎದ್ದು ಗೋಡೆಗೆ ಮುಖ ಮಾಡಿ ನಿಂತ.

4.20 — ಬಾಗಿಲು ತೆರೆಯಿತು. ಒಂದು ಟ್ರಾಲಿ ಬಂತು. ಅದರ ಹಿಂದೆ ಇನ್ನೊಂದು.

ಎರಡು ಟ್ರಾಲಿ. ತಾಯಿ ಮೊದಲನೆಯದರ ಜೊತೆ ಎರಡು ಹೆಜ್ಜೆ ಹೋದಳು, ತಿರುಗಿದಳು, ಎರಡನೆಯದರ ಕಡೆ ಬಂದಳು, ನಡುವೆ ನಿಂತಳು. ಏಳು ತಿಂಗಳಲ್ಲಿ ಮೊದಲ ಸಲ ಅವಳಿಗೆ ಯಾರ ಜೊತೆ ಹೋಗಲಿ ಎಂಬ ಪ್ರಶ್ನೆ. ಗಂಡ ಎರಡನೆಯದನ್ನು ಹಿಡಿದುಕೊಂಡ. ಅವಳು ಮೊದಲನೆಯದರ ಹಿಂದೆ ಓಡಿದಳು.

ಸರ್ಜನ್ ಬೂಟು ಬಿಚ್ಚಿ ಕಾರಿಡಾರಿನ ನೆಲದ ಮೇಲೇ ಕೂತಿದ್ದರು. ನಾನೂ ಕೂತೆ. ಅನುವಾದಿಸಲು ಏನೂ ಇರಲಿಲ್ಲ.

ಮಾರ್ಚ್ 19

ಸೋಮಾರಿ ಎಚ್ಚರ! ಕಿಟಕಿಯನ್ನೇ ಹತ್ತು ನಿಮಿಷ ನೋಡಿದಳು. ಅಲ್ಲಿರುವುದು ಎದುರು ಕಟ್ಟಡದ ನೀರಿನ ಟ್ಯಾಂಕು. ಅದನ್ನೂ ಹೀಗೆ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ 4, ಶುಕ್ರವಾರ

ಇಬ್ಬರಿಗೂ ಹೊಲಿಗೆ ಒಣಗಿದೆ. ನಾಳೆ ಮನೆಗೆ. ಅಳುಮುಂಜಿಯ ಬಟ್ಟೆ ಬದಲಿಸುತ್ತಿದ್ದ ತಾಯಿ, "ಸ್ವಲ್ಪ ಹಿಡ್ಕೊಳ್ಳಿ ಅಕ್ಕ" ಎಂದು ಸೋಮಾರಿಯನ್ನು ನನ್ನ ಕೈಗಿಟ್ಟಳು. ಒಬ್ಬಳನ್ನೇ. ಇಷ್ಟು ಹಗುರ ಇರುತ್ತಾಳೆ ಅಂದುಕೊಂಡಿರಲಿಲ್ಲ.

ಕಣ್ಣು ಮುಚ್ಚಿ ಹೊಟ್ಟೆಯನ್ನು ನನಗೆ ಒತ್ತಿದಳು. ಏಳು ತಿಂಗಳು ಅಲ್ಲೊಂದು ಮೈ ಇತ್ತಲ್ಲ, ಅದನ್ನೇ ಹುಡುಕಿರಬೇಕು. ನನ್ನದು ಸಿಕ್ಕಿತು, ಸಾಕೆನ್ನಿಸಿತೋ ಏನೋ, ಮಲಗಿಬಿಟ್ಟಳು. ಹೊರಗೆ ಯಾರೋ ನನ್ನನ್ನು ಕರೆದರು, ಇನ್ನೊಂದು ಮೊಣಕಾಲಿರಬೇಕು. ಏಳಲಿಲ್ಲ. ಅವಳ ಉಸಿರು ಏರಿದಾಗ ನನ್ನದೂ ಏರಿತು, ಇಳಿದಾಗ ಇಳಿಯಿತು. ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಇಲ್ಲಿ, ಪಕ್ಕೆಲುಬಿನ ಕೆಳಗೆ, ಇನ್ನೂ ಬೆಚ್ಚಗಿದೆ.