ಕೂಸಿನ ಬಾಯಿಗಿಟ್ಟ ಮಾತು

ಹಟ್ಟಿ, ಹುಳಿಯಾರು ಹೋಬಳಿ
೨೨-೧೧-೨೦೦೧, ಗುರುವಾರ

ಈ ಕಾಗದ ಒಡೆದಿರೋರು ಯಾರೇ ಆಗ್ಲಿ, ಮೊದ್ಲು ಕೈ ಒರೆಸ್ಕೊಳ್ಳಿ. ತುಮಕೂರಿನ ಆ ನಿಮ್ಮ ರೂಮಿಗೆ ಯಾರ ಕಾಗದ ಬಂದ್ರೂ ಎಲ್ರೂ ಸೇರಿ ಗಟ್ಟಿಯಾಗಿ ಓದಿ ನಗ್ತೀರಂತೆ, ಹಬ್ಬಕ್ಕೆ ಬಂದಾಗ ನಮ್ಮ ಜುಂಜೇಶನೇ ಹೇಳಿದ್ದ. ನಾಚಿಕೆ ಆಗಲ್ವಾ ನಿಮ್ಗೆ? ಊರೂರು ತಿರುಗಿ ಜನಕ್ಕೆ ಬುದ್ಧಿ ಹೇಳೋ ಹಾಡು ಹಾಡ್ತೀರಿ, ಇನ್ನೊಬ್ರ ಕಾಗದ ಓದಬಾರದು ಅನ್ನೋ ಬುದ್ಧಿ ಇಲ್ಲ. ನೀವು ಜುಂಜೇಶ ಅಲ್ಲದಿದ್ರೆ ಇದನ್ನ ಮಡಚಿ ಅವನ ದಿಂಬಿನ ಕೆಳಗೆ ಇಡಿ. ಜುಂಜೇಶನೇ ಆಗಿದ್ರೆ, ನಿಂತ್ಕೊಂಡು ಓದಬೇಡ ಕಣ್ಲಾ. ಕೂತ್ಕೋ. ಕಾಲು ಅಲ್ಲಾಡಿಸ್ಬೇಡ.

ಮಗ ಜುಂಜೇಶನಿಗೆ ನಿಮ್ಮಜ್ಜಿ ಕಾಳಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೀಬೇಕು, ಅದು ಪದ್ಧತಿ. ಬರೆಯಕ್ಕೆ ಕೈ ಬತ್ತಾ ಇಲ್ಲ. ಎರಡನೇ ಕ್ಲಾಸಿಗೆ ಬಿಟ್ಟೋಳು ನಾನು, ಒತ್ತಕ್ಷರ ತಪ್ಪಿದ್ರೆ ನಗಬೇಡ. ಮಾತು ತಪ್ಪಿದ್ರೆ ಹೇಳು.

ನಿನ್ನ ಹಾಡು ಗೌರಿ ಹಬ್ಬದಿಂದೀಚೆಗೆ ಈ ಸೀಮೆಗೆಲ್ಲ ಹಬ್ಬಿಬಿಡ್ತು. ಚಿಕ್ಕನಾಯಕನಹಳ್ಳಿ ಬಸ್ಸಿನ ಡ್ರೈವರು ಹೋಗ್ತಾ ಬತ್ತಾ ಅದನ್ನೇ ಹಾಕ್ತಾನೆ. ತಿಪಟೂರು ಮಂಡೀಲಿ ಕಾಯಿ ಸುಲಿಯೋರು ಅದನ್ನೇ ಗುನುಗ್ತಾರೆ ಅಂತ ನಿಮ್ಮ ಭಾವ ಹೇಳ್ತಾನೆ. ಬಿಳಿಗೆರೆ ತಾವ ಒಬ್ಬ ಎಳನೀರು ಮಾರೋನು ಮಚ್ಚು ಕೆಳಗಿಟ್ಟು ಕಣ್ಣೊರೆಸ್ಕೊಂಡಿದ್ದನ್ನ ನಾನೇ ನೋಡ್ದೆ. ಮೊದಮೊದ್ಲು ನಂಗೆ ಎಂಥ ಹಮ್ಮು ಅಂತೀಯ! ನಮ್ಮ ಹಟ್ಟಿ ಗುಡ್ಲಿನ ಸಂಕಟ ಊರೆಲ್ಲ ಕೇಳ್ತೈತೆ, ಇನ್ನಾದ್ರೂ ಇದು ನಿಂತೀತು ಅಂದ್ಕೊಂಡೆ.

ಏನ್ರಪ್ಪಾ, ಇನ್ನೂ ಮಡಚಿಟ್ಟಿಲ್ವಾ? ಕದ್ದು ಓದೋರು ಪೂರ್ತಿ ತಿಳ್ಕೊಂಡೇ ಓದಿ. ನಮ್ಮ ಹಟ್ಟೀಲಿ ಹೆತ್ತೋಳು ಹಟ್ಟಿ ಒಳಗೆ ಇರಂಗಿಲ್ಲ, ದೇವರಿಗೆ ಸೂತಕ ತಾಗ್ತದೆ ಅಂತ. ಮುಳ್ಳುಬೇಲಿ ಆಚೆಗೆ ತೆಂಗಿನ ಗರಿ ಹೊದಿಸಿದ ಒಂದು ಗುಡ್ಲು. ಬಾಣಂತಿ, ಹಸಿಕೂಸು ತಿಂಗಳ ಮೇಲಾದ್ರೂ ಅಲ್ಲೇ. ಊಟ ನೀರು ಬೇಲಿ ತಾವ ಇಟ್ಟು ಬತ್ತೀವಿ. ಮುಟ್ಟಂಗಿಲ್ಲ. ನಮ್ಮವ್ವನೂ ಅಲ್ಲೇ ಇದ್ಲು, ನಾನೂ ಅಲ್ಲೇ ಇದ್ದೆ. ಹೋದ ವರ್ಷ ಇದೇ ಕಾರ್ತೀಕದ ಜಡಿಮಳೇಲಿ ಇವನ ಅಕ್ಕ ಮಂಜಮ್ಮ ಇದ್ಲು, ಚೊಚ್ಚಲ ಗಂಡುಕೂಸು ಎತ್ಕೊಂಡು.

ನೀನು ಆವಾಗ ತುಮಕೂರಿನಾಗೆ, ನಾನು ದಂಡಿನಶಿವರದಾಗೆ ನಿಮ್ಮ ದೊಡ್ಡತ್ತೆ ಮನೇಲಿ. ಇಬ್ರೂ ಕಂಡಿದ್ದಲ್ಲ. ಆದ್ರೆ ನಾನು ಬಂದ್ಮೇಲೆ ಕೇಳ್ದೆ, ಮನೆಮನೆಗೂ ಹೋಗಿ ಕೇಳ್ದೆ. ನೀನು ಕೇಳ್ಲಿಲ್ಲ. ಕೇಳಿದ್ರೆ ಹಿಂಗೆ ಹಾಡ್ತಿರ್ಲಿಲ್ಲ. ಮಟಮಟ ಮಧ್ಯಾಹ್ನ ಕಣೋ ಅದು. ಎಲ್ರೂ ಎಚ್ಚರವಾಗಿದ್ರು. ಗುಡ್ಲು ತೊಟತೊಟ ಸೋರ್ತಿತ್ತು. ಕೂಸು ಎದೆ ಒಳಕ್ಕೆ ಎಳ್ಕೊಂಡು ಎಳ್ಕೊಂಡು ಉಸಿರು ಬಿಡ್ತಿತ್ತು. ಮಂಜಮ್ಮ ಮಳೇಲಿ ಬೇಲಿ ತಾವ ಬಂದು ನಿಂತು ಕೂಗಿದ್ಲು. ಗಂಟಲು ಹರಿಯಂಗೆ ಕೂಗಿದ್ಲು. ಪಕ್ಕದ್ಮನೆ ಪುಟ್ಟಗಂಗಮ್ಮ ನೀರು ಕಾಯಿಸಿ ತಂದು ಬೇಲಿ ಸಂದೀಲಿ ಇಟ್ಲು, ಇಟ್ಟು ಹಿಂದಕ್ಕೆ ಸರಿದ್ಲು. ಯಾರೋ ಒಂದು ಕಂಬಳಿ ಎಸೆದ್ರು. ಹಟ್ಟಿ ಯಜಮಾನ ಚಿತ್ತಣ್ಣ ಆಟೋ ತರಾಕೆ ಹುಳಿಯಾರಿಗೆ ಆಳು ಅಟ್ಟಿದ. ಯಾರೂ ಕೆಟ್ಟೋರಲ್ಲ ನೋಡು. ಬೇಲಿ ದಾಟಿ ಕೂಸಿನ ಎದೆಗೆ ಕೈ ಇಡೋರು ಮಾತ್ರ ಒಬ್ರೂ ಇರ್ಲಿಲ್ಲ. ಆಟೋ ಬಂತು. ಕೂಸು ಇರ್ಲಿಲ್ಲ.

ಈಗ ನಿನ್ನ ಹಾಡಿಗೆ ಬತ್ತೀನಿ. ನೀನು ಜಾಣ, ಅದ್ರಾಗೆ ಎರಡು ಮಾತಿಲ್ಲ. ಬೈಯೋ ಹಾಡಿಗೆ ಜನ ಕಿವಿ ಮುಚ್ಕೊಳ್ತಾರೆ ಅಂತ ನಿಂಗೆ ಗೊತ್ತು. ಅದಕ್ಕೇ ಜೋಗುಳದ ಧಾಟಿ ಹಿಡಿದೆ. ಜೋಗುಳಕ್ಕೆ ಯಾವನೂ ಬಾಗಿಲು ಹಾಕ್ಕೊಳ್ಳಲ್ಲ, ಎಂಥ ಒರಟನೂ ಒಂದಿನ ತೊಟ್ಟಿಲಲ್ಲಿ ಮಲಗಿದ್ದೋನೇ. ಆಮೇಲೆ ಸತ್ತ ಕೂಸಿನ ಬಾಯಲ್ಲೇ ಹಾಡು ಹೇಳಿಸ್ದೆ. ದೊಡ್ಡೋರು ಹೇಳಿದ್ರೆ ಎದುರುವಾದ ಮಾಡ್ತಾರೆ, ಕೂಸಿಗೆ ಯಾರು ಎದುರಾಡ್ತಾರೆ? ಅಷ್ಟೂ ಸರಿ. ಕೊನೇಗೆ ಕೇಳೋರ ಎದೆ ಹಿಂಡ್ಬೇಕು ಅಂತ ಒಂದು ಪ್ರಶ್ನೆ ಇಟ್ಟೆಯಲ್ಲ,

ಒಳಗೆ ದೀಪ ಉರೀತಿತ್ತು, ಹೊರಗೆ ನಾನು ನೆನೀತಿದ್ದೆ,
ಬಾಗಿಲು ತಟ್ಟದೆ ಹೋದೆ ಯಾಕವ್ವಾ?

ಅಲ್ಲೇ ಕೆಟ್ಟೆ ಕಣೋ ನೀನು. ಅವಳು ಬಾಗಿಲು ತಟ್ಟಾಕೆ ಬೇಲಿ ದಾಟ್ಬೇಕಲ್ಲ? ಕಾಯಿ ಕೆತ್ತೋನು ಕಾಯಿ ಹಿಡಿದ ಕೈ ಎಲ್ಲೈತೆ ಅಂತ ನೋಡ್ಕೊಂಡು ಮಚ್ಚು ಬೀಸ್ತಾನೆ. ನೀನು ಕಾಯಿ ಬುಟ್ಟು ಕೈಗೇ ಬೀಸಿದ್ದೀಯ.

ಹೋದ ತಿಂಗಳು ನಾನು, ಮಂಜಮ್ಮ ಹುಳಿಯಾರಿಗೆ ಏಕಾಂತಯ್ಯನೋರ ಅಂಗಡಿಗೆ ಎಣ್ಣೆ ತರಾಕೆ ಹೋಗಿದ್ವಿ. ನಿಂಗೆ ಗೊತ್ತಲ್ಲ ಆಯಪ್ಪ, ಧರ್ಮಾತ್ಮ, ತೂಕದಾಗೆ ಒಂದು ಹನಿ ಜಾಸ್ತೀನೇ ಹಾಕೋನು. ಅಂಗಡೀಲಿ ನಿನ್ನ ಹಾಡು ಬತ್ತಿತ್ತು. ಆಯಪ್ಪ ಅಳ್ತಾ ಅಳ್ತಾ ಹಣೆ ವಿಭೂತಿನೆಲ್ಲ ಕೈಯಲ್ಲಿ ಒರೆಸ್ಕೊಂಡ್ರು. ಆಮೇಲೆ ಮೂಟೆ ಹೊರೋರ ಕಡೆ ತಿರುಗಿ, ಆಹಾ ಎಂಥ ಹಾಡು ಕಣ್ರಯ್ಯಾ, ಆದ್ರೂ ಆ ತಾಯಿ ಎಂಥ ಕಲ್ಲೆದೆಯೋಳು ಅಂತೀನಿ, ಎದ್ದೋಗಿ ಬಾಗಿಲು ತಟ್ಟಾಕೆ ಏನು ಧಾಡಿ ಬಂದಿತ್ತು ಅವಳಿಗೆ, ಅಂದ್ರು. ಆ ತಾಯಿ ಎಣ್ಣೆ ಡಬ್ಬ ಹಿಡ್ಕೊಂಡು ಅವರ ಎದುರಿಗೇ ನಿಂತಿದ್ಲು. ಆಯಪ್ಪಂಗೆ ಗೊತ್ತಿಲ್ಲ. ಮಂಜಮ್ಮ ಡಬ್ಬ ಕೆಳಗಿಟ್ಟು, ಬಿಸಿಲಲ್ಲಿ ರಸ್ತೆ ಹಿಡಿದು ನಡೆದೇಬಿಟ್ಲು. ತುಂಬಿದ ಬಸುರಿ. ನಾನು ಹಿಂದೆ ಓಡ್ದೆ.

ಮಾರನೇ ದಿನದಿಂದ ಅವಳು ಬಾಗಿಲು ತಟ್ಟಾಕೆ ಶುರು ಮಾಡಿದ್ಲು. ಬೈಗಾಯ್ತು ಅಂದ್ರೆ ಎದ್ದು ಒಂದೊಂದೇ ಮನೆ ಬಾಗಿಲು ತಟ್ಟೋದು. ತೆಗೆದ್ರೆ ಏನೂ ಕೇಳಲ್ಲ, ಮುಂದಿನ ಮನೆಗೆ ಹೋಗೋದು. ಕೈ ಹಿಡಿದು ಎಳ್ಕೊಂಡು ಬಂದ್ರೆ, ತಟ್ತಾ ಇದೀನಲ್ಲ ಕಣಜ್ಜೀ, ಇವತ್ತಾದ್ರೂ ತಟ್ಟಿದ್ನಲ್ಲ, ಅಂತಾಳೆ. ನಿಮ್ಮ ಭಾವ ಹೋದ ವಾರ ತಿಪಟೂರಿಂದ ಬಂದೋನು ತಿಣ್ಣೆ ಮೇಲೆ ಕೂತು ತಲೆ ಮೇಲೆ ಕೈ ಹೊತ್ಕೊಂಡ. ಏನ್ ಮಾಡ್ಲಜ್ಜೀ ಅಂದ. ನಿನ್ನ ಭಾವಮೈದನ್ನ ಕೇಳು ಅಂದೆ.

ಇನ್ನೂ ಒಂದು ಐತೆ, ಕೇಳು. ಆ ಕೂಸು ಹೋದ್ಮೇಲೆ ಚಿತ್ತಣ್ಣ ನನ್ನ ಮುಖ ನೋಡ್ತಿರ್ಲಿಲ್ಲ. ಎದುರು ಸಿಕ್ರೆ ಕುರಿ ಎಣಿಸೋನಂಗೆ ಬೇರೆ ಕಡೆ ತಿರುಗೋನು. ಆ ನಾಚಿಕೇಲಿ ನಂಗೆ ಒಂದು ಆಸೆ ಇತ್ತು. ಇನ್ನೊಂದು ವರ್ಷ ಹಂಗೇ ನಾಚಿದ್ರೆ ಗುಡ್ಲಿಗೆ ತಾನೇ ಬೆಂಕಿ ಇಟ್ಟಾನು ಅಂದ್ಕೊಂಡಿದ್ದೆ. ಈಗ ಅವನೇ ಕ್ಯಾಸೆಟ್ಟು ತಂದವ್ನೆ. ಮೊನ್ನೆ ನನ್ನ ನಿಲ್ಲಿಸಿ, ಕೇಳ್ದಾ ಕಾಳಕ್ಕ, ನಿನ್ನ ಮೊಮ್ಮಗನೇ ಹಾಡವ್ನೆ, ತಟ್ಟಿದ್ರೆ ನಾವು ತೆಗೀತಿರ್ಲಿಲ್ವಾ, ನಾವೇನು ರಾಕ್ಷಸ್ರಾ, ಅಂದ. ತಟ್ಟಿದ್ರೆ ತೆಗೀತಿದ್ದೋನು ಕೂಗಿದ್ದಕ್ಕೆ ಯಾಕೆ ಬರ್ಲಿಲ್ವೋ ಚಿತ್ತಣ್ಣ, ಅಂದೆ. ಹಾಡಲ್ಲಿ ಕೂಗಿದ್ದು ಇಲ್ವಲ್ಲ, ಅಂದ. ಅಷ್ಟೇ. ಮುಗೀತು. ನಿನ್ನ ಹಾಡಲ್ಲಿ ಇಲ್ಲದ್ದು ನಡೆದೇ ಇಲ್ಲ ಈಗ. ಊರವರ ಕಣ್ಣೀರು ಬೇಲಿ ಒಳಗಿನೋರ ಪಾಪ ತೊಳೆದು, ಆ ಕೊಳೆ ನೀರನ್ನ ಬೇಲಿ ಹೊರಗಿನ ಒಬ್ಬಳ ತಲೆ ಮೇಲೆ ಸುರೀತು.

ನೀನು ಬೇಕಂತ ಮಾಡಿಲ್ಲ, ಗೊತ್ತು. ಅಕ್ಕನ ಮೇಲೆ ಪ್ರಾಣ ಇಟ್ಕೊಂಡೋನು. ಆದ್ರೆ ಹಾಡು ಬಿಲ್ಲಿಂದ ಬಿಟ್ಟ ಬಾಣದಂಗಲ್ಲ, ಸೀಮೆ ತುಂಬ ತಾನೇ ತಿರುಗಾಡ್ತದೆ, ಬಡವ್ರು ಸಿಕ್ಕಿದ ಕಡೆ ನಿಲ್ತದೆ. ನಾನು ಮದುವೆ ಮನೇಲಿ ಸೋಬಾನೆ ಹಾಡೋವಾಗ ಬೀಗರನ್ನ ಬೈತಿದ್ದೆ, ಬೈಸ್ಕೊಂಡೋರೇ ನಕ್ಕು ತಾಂಬೂಲ ಕೊಡೋರು. ಯಾಕೆ? ಅಣ್ಣಾ ಅಂತ ಶುರು ಮಾಡಿ ಬೈತಿದ್ದೆ. ನೆಂಟ ಅಂದ್ಮೇಲೆ ಎದ್ದು ಹೋಗಂಗಿಲ್ಲ, ಕೂತು ಕೇಳಲೇಬೇಕು. ನೀನೂ ಅವರನ್ನ ಪಾಪಿಗಳು ಅನ್ಬೇಡ. ದೇವರನ್ನ ಬೈಬೇಡ. ಕೂಸಿನ ಬಾಯಿಂದ ಆ ಪ್ರಶ್ನೆ ಕಿತ್ತು ಹಾಕು, ಕಿತ್ತು ನಮ್ಮ ಕಡೆ ತಿರುಗಿಸು. ನಾನು ಹಿಂಗೆ ಕಟ್ಟಿದ್ದೀನಿ, ಪ್ರಾಸಕ್ಕೆ ನೀನು ತಿದ್ಕೋ:

ಬೇಲಿ ಹಿಂದೆ ತಾಯಿ ಕೂಗಿದ್ಲು, ಕೇಳ್ಸಿತ್ತೇನಣ್ಣಾ?
ಕೇಳ್ಸಿದ ಕಿವಿಗೆ ಓಲೆ ಭಾರ ಆಗಿತ್ತೇನಕ್ಕಾ?

ಕಣದಾಗೆ ಹೆಂಗಸ್ರೆಲ್ಲ ಕೊಬ್ಬರಿ ಒಡೀತಾ ಕೂತಿದ್ದಾಗ ಇದನ್ನ ನಿನ್ನ ಧಾಟೀಲೇ ಎಳೆದೆ. ಮೊದ್ಲು ಸುಮ್ನೆ ದನಿ ಕೂಡಿಸಿದ್ರು, ಧಾಟಿ ಗೊತ್ತಲ್ಲ. ಎರಡನೇ ಸಾಲಿಗೆ ದನಿ ನಿಂತೋಯ್ತು. ಪುಟ್ಟಗಂಗಮ್ಮ ಕತ್ತಿ ಬುಟ್ಟು ಕಿವಿ ಮುಟ್ಕೊಂಡ್ಲು. ಏನ್ ಹಾಡೇ ಇದು ಮುದುಕಿ, ಅಂತ ಒಬ್ಬಳು ಸಿಡುಕಿದ್ಲು. ಸಿಡುಕ್ಲಿ. ಸಿಡುಕಿದೋಳು ಕೇಳಿಸ್ಕೊಂಡವ್ಳೆ ಅಂತ ಅರ್ಥ. ನಿನ್ನ ಹಾಡು ಕೇಳಿ ಅತ್ತೋರು ಅತ್ತು ಹಗುರಾಗಿ ಮನೆಗೆ ಹೋಗ್ತಾರೆ. ನನ್ನ ಸಾಲು ಕೇಳಿದೋರು ಅವತ್ತು ಊಟ ಸರಿಯಾಗಿ ಮಾಡ್ಲಿಲ್ಲ.

ಆದ್ರೆ ನನ್ನ ದನಿ ಕಣದಿಂದಾಚೆ ಹೋಗಲ್ಲ. ಚಿತ್ತಣ್ಣಂಗೆ ಮುದುಕಿ ಮಾತು ಮುದುಕಿ ಮಾತೇ. ಬಸ್ಸಲ್ಲಿ, ಅಂಗಡೀಲಿ, ಮಂಡೀಲಿ ಬರಬೇಕು ಅದು, ಆಗ ಅವನಿಗೆ ಮೈ ಉರೀತದೆ. ಹತ್ತು ಜನ ಅವನ ಕಡೆ ತಿರುಗಿ, ಕೇಳ್ಸಿತ್ತೇನಣ್ಣಾ ಅನ್ನಬೇಕು.

ಮಂಜಮ್ಮನ್ನ ದಂಡಿನಶಿವರಕ್ಕೆ ದೊಡ್ಡತ್ತೆ ಮನೆಗೆ ಕಳಿಸಿದೀನಿ. ಹೆರಿಗೆ ಇನ್ನೂ ದಿನ ಐತೆ. ನೀನು ಆಸ್ಪತ್ರೆ ಅಂತೀಯ. ಆಸ್ಪತ್ರೇಲಿ ಹೆತ್ರೂ ಅಲ್ಲಿಂದ ಬರೋದು ಗುಡ್ಲಿಗೇ. ತುಮಕೂರಿಗೆ ಕಳ್ಸು ಅಂತೀಯ. ಗಂಡು ಹುಡುಗ್ರ ರೂಮಿನಾಗೆ ಬಾಣಂತೀನ ಎಲ್ಲಿ ಮಲಗಿಸ್ತೀಯ, ಹಾರ್ಮೋನಿಯಂ ಮೇಲಾ? ಚಿತ್ತಣ್ಣ ಮೊನ್ನೆ ಗುಡ್ಲಿಗೆ ಹೊಸ ಗರಿ ಹೊದಿಸ್ದ. ಈ ಸಲ ಸೋರಲ್ಲ ಕಾಳಕ್ಕ, ಅಂದ. ಉಪಕಾರ ಮಾಡಿದಂಗೆ ಅಂದ. ಆ ಗುಡ್ಲಿಗೆ ಇನ್ನೊಂದು ಕೂಸು ಹೋಗಬಾರದು. ನಂಗೆ ಬೇಕಾಗಿರೋದು ಅಷ್ಟೇ, ಬೇರೆ ಏನೂ ಬೇಡ.

ಹೊಟ್ಟೆ ತುಂಬ ಉಣ್ಣು. ತಣ್ಣೀರು ಕುಡಿದು ದನಿ ಕೆಡಿಸ್ಕೋಬೇಡ, ಆ ದನಿ ಈಗ ನಿನ್ನೊಬ್ಬಂದಲ್ಲ.

ನಿನ್ನ ಒಳ್ಳೇದನ್ನೇ ಬಯಸೋ, ಬೈಯೋ,
ಅಜ್ಜಿ ಕಾಳಕ್ಕ

ವಿ.ಸೂ.: ಅನ್ನದ ಅಗುಳು ಹಾಕಿ ಅಂಟಿಸಿದ ಈ ಮಡಿಕೇನ ಬಿಡಿಸಿದೋನು ನೀನೇ ಆಗಿರು ಜುಂಜೇಶ. ಬೇರೆಯೋರಾದ್ರೆ ನಿಮ್ಮನ್ನ ಹೆತ್ತೋಳ ಆಣೆ, ಬಾಯಿ ಬಿಡಬೇಡಿ.

ದಂಡಿನಶಿವರ ಅಂತ ಬರೆದಿದ್ದು ಸುಳ್ಳು. ಹಟ್ಟಿಗೆಲ್ಲ ಹಂಗೇ ಹೇಳಿದ್ದೀನಿ, ನಿಮ್ಮ ಭಾವಂಗೂ. ಮಂಜಮ್ಮ ಇಲ್ಲೇ ಅವ್ಳೆ, ಕೊಬ್ಬರಿ ಅಟ್ಟದ ಕೆಳಗಿನ ಕೋಣೇಲಿ. ಸೋಮವಾರ ಹೆತ್ಲು, ದಿನ ತುಂಬೋ ಮುಂಚೆ. ಹೆಣ್ಣು. ಬೆಕ್ಕಿನ ಮರಿಯಷ್ಟೈತೆ, ಹಾಲು ಎಳೀತದೆ, ಸುಸ್ತಾಗಿ ಬಿಡ್ತದೆ, ಮತ್ತೆ ಎಳೀತದೆ. ಹೊಕ್ಕಳು ಕೊಯ್ದಿದ್ದು ಪುಟ್ಟಗಂಗಮ್ಮ. ನಾನು ಕರೆದಿರ್ಲಿಲ್ಲ, ಮಂಜಮ್ಮ ನರಳೋದು ಗೋಡೆ ಆಚೆಗೆ ಕೇಳ್ಸಿ ತಾನೇ ಬಂದ್ಲು. ಕೇಳ್ಸಿತು ಕಣಕ್ಕ, ಅಂದ್ಲು. ಸೀರೆ ಎತ್ತಿ ಕಟ್ಟಿ ಕೂತ್ಲು.

ದೇವರ ಗೂಡಿಗೆ ಬಟ್ಟೆ ಮುಚ್ಚಿದ್ದೀನಿ. ನೀನು ನೋಡ್ಲಿಲ್ಲ ಅಂದ್ಕೋ ತಂದೆ, ಅಂದೆ. ನಿನ್ನೆಯಿಂದ ಕರೀ ಹಸು ಮೇವು ಮುಟ್ಟಿಲ್ಲ. ನಂಗೆ ಭಯ ಆಗ್ತದೆ ಕಣಪ್ಪ, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಕೂಸನ್ನ ಆಚೆ ಇಡಲ್ಲ.

ನಿನ್ನ ಕ್ಯಾಸೆಟ್ಟಲ್ಲಿ ಹಾಡಿಗೆ ಮುಂಚೆ ಯಾವುದೋ ಕೂಸು ಅಳೋದನ್ನ ಸೇರಿಸಿದ್ದೀರಲ್ಲ, ಅದೇ ಈಗ ನಮ್ಮ ಕಾವಲು. ಇಲ್ಲಿ ಕೂಸು ಬಾಯಿ ತೆಗೆದ ತಕ್ಷಣ ನಾನು ಟೇಪು ಹಾಕ್ತೀನಿ. ಮುದುಕಿಗೆ ಮೊಮ್ಮಗನ ಹಾಡಿನ ಹುಚ್ಚು ಹಿಡೀತು ಅಂತ ಹಟ್ಟಿಯೋರು ನಗ್ತಾರೆ. ಚಿತ್ತಣ್ಣ ಬೀದೀಲಿ ನಿಂತು, ಇನ್ನೊಂದ್ಸಲ ಹಾಕು ಕಾಳಕ್ಕ, ಅಂತಾನೆ. ಹಾಕ್ಲೇಬೇಕು. ಆ ಸಾಲು ಬಂದಾಗ ಮಂಜಮ್ಮ ತನ್ನ ಕಿವಿ ಮುಚ್ಕೊಳ್ಳಲ್ಲ, ಕೂಸಿನ ಕಿವಿ ಮುಚ್ತಾಳೆ.

ಎಷ್ಟು ದಿನ ನಡೀತದೆ ಇದು? ಟೇಪು ಎಳೆದೆಳೆದು ಗೊರಗೊರ ಅಂತೈತೆ, ಕೂಸಿನ ಗಂಟಲು ದಿನೇ ದಿನೇ ಗಟ್ಟಿಯಾಗ್ತೈತೆ. ಇದರ ಅಳು ಚಿತ್ತಣ್ಣನ ಕಿವಿಗೆ ಬೀಳೋ ಮುಂಚೆ ಹೊಸ ಸಾಲು ಬೀಳಬೇಕು. ಅಳು ಹಂಗೇ ಇರ್ಲಿ, ಆ ಪ್ರಶ್ನೆ ಮಾತ್ರ ತೆಗೆದು ಬೇರೆ ಹಾಡಿ ಕ್ಯಾಸೆಟ್ಟು ಕಳಿಸು. ಆಗಲ್ಲ ಅಂದ್ರೆ ಆಗಲ್ಲ ಅಂತಲಾದ್ರೂ ಬರೀ, ನಾನು ಬೇರೆ ದಾರಿ ನೋಡ್ಬೇಕು. ಡಿಸೆಂಬರ್ ಹುಟ್ಟೋದ್ರೊಳಗೆ ನಿನ್ನ ಉತ್ತರ ನನ್ನ ಕೈಲಿರಬೇಕು.