ಹಳ್ಳ ಉಳಿಸಿ ಕಟ್ಟಿದ ಮನೆಗಳು

ಚಿತ್ರದುರ್ಗ
12-11-2024

ಪ್ರೀತಿಯ ಮಗಳು ರೋಜಾಗೆ,

ಚಿಕ್ಕಜಾಜೂರಿನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ತಡವಾಯಿತೆಂದು ಬೈಯುವುದು ಆಮೇಲಿರಲಿ, ಮೊದಲು ಸುದ್ದಿ ಕೇಳು.

ಹೊಳಲ್ಕೆರೆ ರಸ್ತೆಯ ನಮ್ಮ ಹೊಲದಲ್ಲಿ ಮನೆಗಳು ಎದ್ದಿವೆ ಕಣೇ! ಹನ್ನೊಂದು ಮನೆಗೆ ಜನ ಬಂದಾಯಿತು. ಆದರೂ ಹಳ್ಳ ಹಾಗೇ ಇದೆ, ಹರಿಯುತ್ತಿದೆ!

ಲೇಔಟ್ ಮಾಡಿಸುವ ಎಂಜಿನಿಯರ್ ಕನಕರಾಜ್ ಹಳ್ಳಕ್ಕೆ ಪೈಪು ಹಾಕಿ ಮುಚ್ಚಿ, ಮೇಲೆ ಎರಡು ಸಾಲು ಸೈಟು ಮಾಡಲು ಹೊರಟಿದ್ದರು. “ಮುಚ್ಚಬ್ಯಾಡ್ರಿ ಸಾರ್, ಗುಡ್ಡದ ನೀರೆಲ್ಲ ಇಲ್ಲೇ ಇಳೀತೈತೆ” ಅಂದೆ. “ಮಳೆ ಎಲ್ಲೈತಮ್ಮಾ ನಿಮ್ಮೂರಾಗೆ?” ಎಂದು ನಕ್ಕರು. ಅದೇ ವಾರ ಸುರಿಯಿತು ನೋಡು! ಸೈಟಿನ ಗುರುತಿನ ಕಲ್ಲುಗಳೆಲ್ಲ ಮುಳುಗಿ, ಅವರ ಕಾರು ಕೆಸರಿನಲ್ಲಿ ಹೂತುಹೋಯಿತು. ಪಕ್ಕದ ಹೊಲದ ಓಬಣ್ಣ ಟ್ರ್ಯಾಕ್ಟರ್ ತಂದು ಎಳೆದ. ಮರುದಿನ ಕನಕರಾಜ್ ನಕ್ಷೆಯನ್ನು ನಮ್ಮ ಜಗಲಿಯ ಮೇಲೆ ಹರಡಿ, “ಎಲ್ಲೆಲ್ಲಿ ಬಿಡ್ಬೇಕು, ನೀವೇ ತೋರ್ಸ್ರಿ” ಅಂದರು. ಬೆರಳಿಟ್ಟು ತೋರಿಸಿದೆ!

ಈಗ ಹಳ್ಳದ ಎರಡೂ ದಂಡೆಗೆ ಹೊಂಗೆ, ಕಾರೆ, ಬಿದಿರು. ಇಳಿಜಾರಿನ ಹುಲ್ಲು ನಮ್ಮ ಕುರಿಗಳಿಗೇ. ಗಿಡಗಳ ಉಸ್ತುವಾರಿ ನನ್ನದು. ಹೊಸ ಮನೆಯವರು “ಗಿಡದ ಮೇಡಂ” ಅಂತಾರೆ, ನಗಬೇಡ! ನಿನ್ನೆ ಬೆಳಿಗ್ಗೆ ಗೌಜಲ ಹಕ್ಕಿಯೊಂದು ಏಳು ಮರಿ ಕಟ್ಟಿಕೊಂಡು ರಸ್ತೆ ದಾಟಿತು. ಕೆಲಸಕ್ಕೆ ಹೊರಟಿದ್ದ ಬ್ಯಾಂಕಿನ ಯಶೋದಾ ಸ್ಕೂಟರ್ ನಿಲ್ಲಿಸಿ, “ಬೊಮ್ಮಕ್ಕಾ, ಬೇಗ ಬರ್ರಿ!” ಎಂದು ಕೂಗಿದರು. ಕೊನೆಯ ಮರಿ ಪೊದೆ ಸೇರುವ ತನಕ ಇಬ್ಬರೂ ಉಸಿರು ಬಿಡಲಿಲ್ಲ.

ಹಳ್ಳದ ಕಡೆಯ ಒಂದು ಸೈಟನ್ನು ನಿನ್ನ ಹೆಸರಿಗೆ ಮಾಡಿಸುತ್ತಿದ್ದೇನೆ. ನಿನ್ನ ಅಣ್ಣ ಪರಮೇಶ ಮೊದಲು ಕೂಗಾಡಿದ, ಆಮೇಲೆ ಒಪ್ಪಿದ. ಒಂದು ಸಲ ಬಂದು ನೋಡು. ನೂರು ಕಾಲ ತಣ್ಣಗಿರು ಮಗಳೇ.

ನಿನ್ನ ಅವ್ವ,
ಬೊಮ್ಮಕ್ಕ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಲೇಔಟಿಗೆ ಮುಂಚೆ ರಿಜಿಸ್ಟರ್ ಆಫೀಸಿನಲ್ಲಿ, ಹೊಲದ ಪಾಲು ಬಿಟ್ಟುಕೊಟ್ಟೆ ಎಂಬ ಪತ್ರಕ್ಕೆ ನಿನ್ನ ಸಹಿ ಹಾಕಿಸಿದೆವಲ್ಲ, ಆಗ “ಅವ್ವಾ, ಇದರಾಗೆ ಏನ್ ಬರ್ದೈತೆ?” ಎಂದು ನೀನು ಕೇಳಿದ್ದೆ. “ನಂಗೇನ್ ಗೊತ್ತು, ಅಣ್ಣ ಹೇಳ್ದಂಗೆ ಹಾಕು” ಅಂದೆ. ಗೊತ್ತಿತ್ತು ರೋಜಾ. ಹಿಂದಿನ ದಿನವೇ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದೆ.