ಟರ್ಬೊ ಬಾಯಿಗೆ ಹಾಕಿದ ಅಕ್ಷತೆ

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 10

ಗ್ಯಾರೇಜಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಾಯಿತು. ಹೊಳೆನರಸೀಪುರ ರಸ್ತೆಯ ಧೂಳು ಅದನ್ನು ಅರ್ಧ ಗಂಟೆಯೂ ಇರಗೊಡುವುದಿಲ್ಲ. ಮಗ ಹರ್ಷ ತಿಂಡಿಗೆ ಹೋಗಿದ್ದಾನೆ. ಮೆಕ್ಯಾನಿಕ್ ಧರ್ಮೇಂದ್ರ ಆಗಲೇ ಬಂದಿದ್ದ. ಹಿರೀಸಾವೆಯಿಂದ ಮೊದಲ ಬಸ್ಸು. ಆರು ವರ್ಷದಿಂದ ಹೀಗೇ.

ಕೆಂಪು ಕಾರು ಅರಕಲಗೂಡಿನ ನಿಸರ್ಗ ಅವರದು. ರೇಸಿಗೆ ಹೋಗುವವರು. ದೊಡ್ಡ ಟರ್ಬೊ ಹಾಕಿಸಿದ್ದಾರೆ. ಇಂಜಿನ್ನಿಗೆ ಗಾಳಿ ಒತ್ತುವ ಫ್ಯಾನಂತೆ, ನಿಮಿಷಕ್ಕೆ ಲಕ್ಷ ಸುತ್ತು. ಮಧ್ಯಾಹ್ನ ಡೈನೋ ಮೇಲೆ ಓಡಿಸುತ್ತಾರೆ. ಕಾರು ನಿಂತಲ್ಲೇ ಇರುತ್ತದೆ, ಚಕ್ರದಡಿ ರೋಲರ್ ತಿರುಗುತ್ತದೆ, ಶಕ್ತಿ ಎಷ್ಟೆಂದು ಲ್ಯಾಪ್‌ಟಾಪ್ ಹೇಳುತ್ತದೆ.

ಪೂಜೆ ಮಾಡಿದೆ. ಗಾಳಿ ಎಳೆಯುವ ಪೈಪಿಗೆ ಇನ್ನೂ ಫಿಲ್ಟರ್ ಇರಲಿಲ್ಲ. ಅದರ ಬಾಯಿಗೆ ಧರ್ಮೇಂದ್ರ ಗ್ರೀಸ್ ಮೆತ್ತಿದ ಚಿಂದಿ ತುರುಕಿದ್ದ. ಅಂಥದಕ್ಕೆ ಆರತಿ ಎತ್ತುವುದು ಹೇಗೆ. ತೆಗೆದೆ. ಕುಂಕುಮ, ಹೂವು. ಒಂದು ಹಿಡಿ ಅಕ್ಷತೆ ಬಾಯೊಳಕ್ಕೂ ಹಾಕಿದೆ — ಹೊಸ ಒಲೆಗೆ ಹಾಕುವ ಹಾಗೆ. ಚಿಂದಿ ಮತ್ತೆ ತುರುಕಿದೆ.

ಧರ್ಮೇಂದ್ರ ಪೂಜೆಯ ಹೊತ್ತಿಗೆ ಹೊರಗೆ ಹೋಗುತ್ತಾನೆ. ಅವರ ಮನೆಯಲ್ಲಿ ಬುದ್ಧನ ಪಟ. ಒಂದು ಸಲ ಒಳಗೆ ಕರೆದಿದ್ದೆ. ಎರಡನೇ ಸಲ ಕರೆಯಲಿಲ್ಲ... ಬಾರದಿದ್ದದ್ದೇ ಹಿತವಾಗಿತ್ತು.

ಅದೇ ದಿನ. ಸಂಜೆ 4

ಕಾರನ್ನು ನೆಲಕ್ಕೆ ಬೆಲ್ಟ್ ಬಿಗಿದು ಓಡಿಸಿದರು. ಲ್ಯಾಪ್‌ಟಾಪಿನ ಗೆರೆ ಮೇಲೇರುತ್ತಿತ್ತು. ಇದ್ದಕ್ಕಿದ್ದಂತೆ ಕೀರಲು ಶಬ್ದ. ಹೊಗೆ. ಗೆರೆ ಕುಸಿದುಬಿತ್ತು. ಬಿಚ್ಚಿದರೆ ಫ್ಯಾನಿನ ಎಲೆಗಳೆಲ್ಲ ಇಲಿ ಕಡಿದ ಹಾಗೆ.

ಹರ್ಷ ನಿಸರ್ಗರ ಎದುರಿಗೇ ಧರ್ಮೇಂದ್ರನನ್ನು ಕೇಳಿದ. "ಒಳಗೆ ವಾಷರ್ ಬಿಟ್ಟು ಮುಚ್ಚಿದ್ಯೇನ್ಲಾ?"

"ನಾನ್ ಏನೂ ಬಿಟ್ಟಿಲ್ಲ ಸಾ. ಬಾಯಿಗೆ ಬಟ್ಟೆ ತುರುಕಿದ್ದೆ."

ಧರ್ಮೇಂದ್ರ ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡಿದೆ. ಅಕ್ಷತೆ ಎಂದರೇನು, ಅಕ್ಕಿಯೇ ತಾನೆ. ಕಲ್ಲಿನಂತೆ ಒಣಗಿದ್ದು.

ಮಾರ್ಚ್ 10, ಸೋಮವಾರ

ಹರ್ಷ ಅವನನ್ನು ಕೆಲಸದಿಂದ ಕಳಿಸಿಬಿಟ್ಟ. ಸ್ಪ್ಯಾನರ್‌ಗಳನ್ನು ಒರೆಸಿ ಒರೆಸಿ ಚೀಲಕ್ಕೆ ಹಾಕಿಕೊಂಡ ಧರ್ಮೇಂದ್ರ. ನನಗೆ "ಬತ್ತೀನಿ ಅಮ್ಮೋರೆ" ಎಂದ. ನಾನು "ಹೂಂ" ಎಂದೆ. ಅಷ್ಟೇ ಎಂದೆ.

ಚನ್ನರಾಯಪಟ್ಟಣದವರೆಗೂ ಸುದ್ದಿ ಮುಟ್ಟಿದೆಯಂತೆ — ಟರ್ಬೊದಲ್ಲಿ ವಾಷರ್ ಬಿಟ್ಟವನು. ಇನ್ನು ಯಾವ ಗ್ಯಾರೇಜಿನವರು ಕರೆಯುತ್ತಾರೆ.

ದೀಪ ಹಚ್ಚಿದೆ. ನಾಮ ಹೇಳಲು ನಾಲಗೆ ಹೊರಳಲಿಲ್ಲ.

ಮಾರ್ಚ್ 19, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಇದನ್ನೇ ಬರೆಯಬೇಕಿತ್ತು.

ಇವತ್ತು ಹರ್ಷನಿಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ.

"ನಂಗೊತ್ತು ಕಣವ್ವ. ಅವತ್ತೇ ಪೈಪ್‌ನಾಗೆ ಹಳದಿ ಅಕ್ಕಿಕಾಳು ಸಿಕ್ತು."

"ಮತ್ತೆ ಅವುನ್ಗ್ಯಾಕೆ ಅಂಗಂದೆ?"

"ಇನ್ನೇನ್ ಅನ್ಲಿ? ನಮ್ಮವ್ವ ಟರ್ಬೊಗೆ ಉಣ್ಸೋಕ್ ಹೋದ್ಲು ಅನ್ಲಾ? ಹಾಸನವೆಲ್ಲ ನಗ್ತದೆ."

ನನ್ನನ್ನು ಉಳಿಸಲು ಸುಳ್ಳು ಹೇಳಿದ ಎಂದುಕೊಳ್ಳಬೇಕೆನಿಸಿತು. ಅಲ್ಲ. ಗ್ಯಾರೇಜಿನ ಹೆಸರು ಉಳಿಸಿಕೊಂಡ. ನಾನು? ನಾನೂ ಹೆಸರೇ ಉಳಿಸಿಕೊಂಡದ್ದು. ಪೂಜೆ ಮಾಡುವ ಹೆಂಗಸು ಎಂಬ ಹೆಸರು.

ಬೇರೆ ಟರ್ಬೊ ತರಿಸಿದ್ದಾನೆ. ಶನಿವಾರ ಮತ್ತೆ ಡೈನೋ.

ಮಾರ್ಚ್ 20, ಗುರುವಾರ

ಹಿರೀಸಾವೆಗೆ ಹೋಗಿ ಬಂದೆ. ಧರ್ಮೇಂದ್ರನ ತಾಯಿ ಮಾದಮ್ಮ ಚಾಪೆ ಹಾಸಿದಳು. ನೀರು ಕೊಡಲೋ ಬೇಡವೋ ಎಂದು ನಿಂತಳು. ನಾನೇ ಕೇಳಿ ಕುಡಿದೆ. ಐವತ್ತು ವರ್ಷಕ್ಕೆ ಮೊದಲ ಸಲ ಆ ಕೇರಿಯ ನೀರು — ಅದನ್ನು ಪುಣ್ಯವೆಂದು ಬರೆದುಕೊಳ್ಳಲಾರೆ.

ಹೇಳಿದೆ. ಧರ್ಮೇಂದ್ರನಿಗೆ ಆಶ್ಚರ್ಯವೇನೂ ಆಗಲಿಲ್ಲ. ಚಿಂದಿ ತೆಗೆದಾಗ ಅದರ ಮೇಲೆ ಕುಂಕುಮ ಇತ್ತಂತೆ.

"ಅವತ್ತೇ ಯಾಕ್ ಹೇಳ್ಲಿಲ್ಲ ಕಣಪ್ಪ?"

"ಅಮ್ಮೋರ್ ಪೂಜೆಯಿಂದ ಕೆಡ್ತು ಅಂತ ನಾನ್ ಅಂದಿದ್ರೆ, ಗಾಡಿ ಜೊತೆ ನನ್ನೂ ಬಿಚ್ಚಾಕೋರು."

ಕೆಲಸ ವಾಪಸ್ಸು ಕೇಳಲಿಲ್ಲ. ಒಂದೇ ಕೇಳಿದ. ನಿಸರ್ಗರ ಎದುರಿಗೆ ವಾಷರ್ ಅಂದದ್ದು, ಅವರ ಎದುರಿಗೇ ಅಲ್ಲ ಅನ್ನಬೇಕು. ಆಣೆ ಇಟ್ಟು ಬಂದೆ.

ಮಾರ್ಚ್ 22, ಶನಿವಾರ. 11.20

ಗ್ಯಾರೇಜಿನ ಆಫೀಸು ರೂಮಿನಲ್ಲಿ ಕೂತಿದ್ದೇನೆ.

ಧರ್ಮೇಂದ್ರ ರಸ್ತೆಯಾಚೆ ಟೀ ಅಂಗಡಿಯಲ್ಲಿ ನಿಂತಿದ್ದಾನೆ. ಒಳಗೆ ಕರೆದೆ. ಎರಡನೇ ಸಲವೂ ಕರೆದೆ. ನೀವು ಹೇಳಿ, ಆಮೇಲೆ ಬರುತ್ತೇನೆ ಎಂದ.

ಕಾರು ರೋಲರ್ ಮೇಲಿತ್ತು. ಈ ಸಲ ಫಿಲ್ಟರ್ ಮೊದಲೇ ಹಾಕಿಟ್ಟಿದ್ದ ಹರ್ಷ. ಆರತಿ ತಟ್ಟೆ ಕೈಗೆ ಕೊಟ್ಟ. ತಟ್ಟೆಯಲ್ಲಿ ಅಕ್ಷತೆ ಇಟ್ಟಿರಲಿಲ್ಲ. ತಟ್ಟೆ ಕೆಳಗಿಟ್ಟು ನಿಸರ್ಗರ ಮುಂದೆ ನಿಂತೆ. ಅವತ್ತು ವಾಷರ್ ಅಲ್ಲ, ಎಂದು ಶುರು ಮಾಡಿದೆ. ಹರ್ಷ ಒಳಗೆ ಕೂತು ಇಂಜಿನ್ ಸ್ಟಾರ್ಟ್ ಮಾಡಿದ. ನನ್ನ ಮುಖ ನೋಡುತ್ತಲೇ ಆಕ್ಸಿಲರೇಟರ್ ಒತ್ತಿದ. ಆ ಸದ್ದಿನಲ್ಲೇ ಪೂರ್ತಿ ಹೇಳಿದೆ, ಬಾಯಿ ಬಿಟ್ಟು ಹೇಳಿದೆ. ನಿಸರ್ಗ ಕಿವಿಗೆ ಕೈ ಹಿಡಿದು, ಸರಿ ಅಮ್ಮ ಸರಿ ಎನ್ನುವಂತೆ ತಲೆಯಾಡಿಸಿದರು. ಪೂಜೆಯ ಮಾತು ಎಂದುಕೊಂಡರೋ ಏನೋ.

ಇನ್ನೂರ ಅರವತ್ತು ಹಾರ್ಸ್‌ಪವರ್ ಬಂತಂತೆ. ಹೊರಗೆ ಚಪ್ಪಾಳೆ.

ಈಗ ಇಂಜಿನ್ ಆಫ್ ಮಾಡಿದರು. ಅಲ್ಲಿ ಟೀ ಅಂಗಡಿಯಲ್ಲಿ ಧರ್ಮೇಂದ್ರ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾನೆ. ಹರ್ಷ ಮತ್ತೆ ಕೀಲಿ ತಿರುಗಿಸುವ ಮೊದಲು ಹೋಗಿ ನಿಸರ್ಗರಿಗೆ ಇನ್ನೊಮ್ಮೆ ಹೇಳಬೇಕು.